ಇದು ನಿಜವಾಗ್ಲೂ ಜಾನಪದ ಹಾಡಾ? 19ನೇ ಶತಮಾನದ ಹಾಡುಗಳ ಮೂಲ ಹುಡುಕೋದು ಹೇಗೆ

"ಈ ಟ್ಯೂನ್ ಯಾರದ್ದು?", "ಇದು ಫೋಕ್ ಸಾಂಗಾ, ಇಲ್ಲ ಯಾರಾದ್ರೂ ಕೂತು ಬರೆದಿದ್ದಾ?", "ರೆಕಾರ್ಡಿಂಗೇ ಇಲ್ಲದ ಕಾಲದ ಹಾಡು ನಮಗೆ ಹೇಗೆ ಗೊತ್ತಾಯ್ತು?" ಈ ಮೂರು ಪ್ರಶ್ನೆ ತಿರುಗಾ ಮುರುಗಾ ಬರ್ತಾನೇ ಇರತ್ತೆ. ಕೇಳೋರಲ್ಲಿ ಗಿಟಾರ್ ಕಲೀತಿರೋರು, ಕ್ವಾಯರಲ್ಲಿ ಹಾಡೋರು, ಸ್ಕೂಲ್ ಡೇಗೆ ಹಾಡು ಹುಡುಕೋ ಟೀಚರ್‌ಗಳು, ಯೂಟ್ಯೂಬಿಗೆ ಕವರ್ ಹಾಕೋರು ಎಲ್ಲಾ ಇದಾರೆ. ಒಬ್ಬೊಬ್ರಿಗೂ ಉತ್ತರ ಬರೆಯೋ ಬದಲು ನೀವೇ ಹುಡುಕ್ಕೊಳ್ಳೋ ದಾರಿ ಹೇಳ್ಬಿಡ್ತೀನಿ.

ಮೊದಲೇ ಒಂದು ಮಾತು. 19ನೇ ಶತಮಾನದ ಹಾಡಿನ ಮೇಲೆ "ಜಾನಪದ" ಅಂತ ಲೇಬಲ್ ಕಂಡ್ರೆ ಅದು "ಇನ್ನೂ ಯಾರೂ ಕಾಗದ ಹುಡುಕಿಲ್ಲ" ಅಂತ ಓದ್ಕೊಳ್ಳಿ. ಮಹಾ ಮಹಾ ಸಂಗೀತಗಾರರೇ ಇದ್ರಲ್ಲಿ ಮೋಸ ಹೋಗಿದಾರೆ. ಫ್ರೆಂಚ್ ಸಂಗೀತಗಾರ ಬಿಜೆ ತನ್ನ ಕಾರ್ಮೆನ್ ಒಪೆರಾಗೆ (ಪ್ಯಾರಿಸ್, 1875) ಒಂದು ಸ್ಪ್ಯಾನಿಶ್ ಜಾನಪದ ಧಾಟಿ ಅಂದ್ಕೊಂಡು ತಗೊಂಡಿದ್ದು ಸೆಬಾಸ್ಟಿಯನ್ ಇರಾದಿಯೇರ್ ಅನ್ನೋನು ಬರೆದ ಹಾಡಾಗಿತ್ತು, ಆತ ತೀರಿಕೊಂಡು ಹತ್ತೇ ವರ್ಷ ಆಗಿತ್ತು ಅಷ್ಟೆ. ಗೊತ್ತಾದ ಮೇಲೆ ಬಿಜೆ ಅಚ್ಚಾದ ಪ್ರತಿಯಲ್ಲಿ ಇದರ ಮೂಲ ಬೇರೆಯವರದ್ದು ಅಂತ ಹಾಕಿಸಿದ. ರಿಚರ್ಡ್ ಸ್ಟ್ರಾಸ್ ಇಟಲಿಗೆ ಹೋಗಿ ಬಂದು 1886ರಲ್ಲಿ ಬರೆದ ಆರ್ಕೆಸ್ಟ್ರಾ ಕೃತಿಗೆ ನೇಪಲ್ಸಿನ ಜಾನಪದ ಅಂತ ಸೇರಿಸಿದ್ದು "ಫುನಿಕುಲಿ ಫುನಿಕುಲಾ". ಅದನ್ನ ಲುಯಿಜಿ ಡೆಂಜಾ 1880ರಲ್ಲಿ, ವೆಸುವಿಯಸ್ ಬೆಟ್ಟಕ್ಕೆ ಹಗ್ಗದಿಂದ ಎಳೆಯೋ ರೈಲು ಬಂದಿದ್ದಕ್ಕೆ ಅಂತ ಕಟ್ಟಿದ್ದು, ಒಂಥರಾ ಹೊಸ ಮೆಟ್ರೋ ಲೈನ್ ಓಪನ್ ಆದಾಗ ಬರೋ ಹಾಡು. ಡೆಂಜಾ ಕೋರ್ಟಿಗೆ ಹೋಗಿ ಗೆದ್ದ, ಸ್ಟ್ರಾಸ್ ರಾಯಲ್ಟಿ ಕೊಡಬೇಕಾಯ್ತು. ಬ್ರಾಮ್ಸ್‌ನ ಹಂಗೇರಿಯನ್ ಡ್ಯಾನ್ಸ್ ನಂಬರ್ 5 (1869) ಕೂಡ ಇದೇ ಕಥೆ, ಅದರ ಧಾಟಿ ಬೇಲಾ ಕೇಲರ್ ಅನ್ನೋ ಬ್ಯಾಂಡ್ ಮಾಸ್ಟರ್‌ದು.

ಯಾಕೆ ಹೀಗಾಗ್ತಿತ್ತು ಅಂದ್ರೆ, ಆ ಕಾಲದಲ್ಲಿ ಹಾಡು ಅಚ್ಚಾಗಿ ಅಂಗಡಿಗೆ ಬಂದು, ಅಲ್ಲಿಂದ ನಾಟಕದ ಸ್ಟೇಜು, ಹೆಂಡದಂಗಡಿ, ಮಿಲಿಟರಿ ಬ್ಯಾಂಡು, ಹಡಗು ಎಲ್ಲಾ ಸುತ್ತಿ ಹತ್ತಿಪ್ಪತ್ತು ವರ್ಷದಲ್ಲಿ ಊರೋರ ಬಾಯಿಗೆ ಬಂದ್ಬಿಡ್ತಿತ್ತು, ಅಷ್ಟೊತ್ತಿಗೆ ಬರೆದೋನ ಹೆಸರು ಉದುರಿಹೋಗಿರ್ತಿತ್ತು. ಉಲ್ಟಾನೂ ಆಗ್ತಿತ್ತು, ಬಾಯಲ್ಲಿದ್ದ ಹಾಡನ್ನ ಯಾರೋ ಬರ್ಕೊಂಡು ತನ್ನ ಹೆಸರು ಹಾಕಿ ಮಾರ್ತಿದ್ದ.

ಏನೇನು ಬೇಕು

ದುಡ್ಡು ಬೇಡ. ಇಂಟರ್ನೆಟ್ಟು, ಹೆಡ್‌ಫೋನು, ಒಂದು ನೋಟ್‌ಬುಕ್ಕು ಸಾಕು. ಸ್ವರಲಿಪಿ, ಅದೇ ಸ್ಟಾಫ್ ನೊಟೇಶನ್, ಓದಕ್ಕೆ ಬಂದ್ರೆ ಒಳ್ಳೇದು, ಬರದೇ ಇದ್ರೂ ಮುಕ್ಕಾಲು ಭಾಗ ಕೆಲಸ ಆಗತ್ತೆ. ಇವಿಷ್ಟು ಬುಕ್‌ಮಾರ್ಕ್ ಮಾಡ್ಕೊಳ್ಳಿ, ಎಲ್ಲಾ ಫ್ರೀ: ಜಾನ್ಸ್ ಹಾಪ್ಕಿನ್ಸ್ ಯೂನಿವರ್ಸಿಟಿಯ ಲೆವಿ ಶೀಟ್ ಮ್ಯೂಸಿಕ್ ಕಲೆಕ್ಷನ್, ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್, ಆಕ್ಸ್‌ಫರ್ಡಿನ ಬಾಡ್ಲಿಯನ್ ಲೈಬ್ರರಿಯ ಬ್ರಾಡ್‌ಸೈಡ್ ಬ್ಯಾಲೆಡ್ಸ್, ಲಂಡನ್ನಿನ ವಾನ್ ವಿಲಿಯಮ್ಸ್ ಮೆಮೋರಿಯಲ್ ಲೈಬ್ರರಿ, ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಯ ಸಾಂಟಾ ಬಾರ್ಬರಾ ಕ್ಯಾಂಪಸ್ಸಿನ ಸಿಲಿಂಡರ್ ಆರ್ಕೈವ್ (ಮೇಣದ ಕೊಳವೆ ಮೇಲೆ ಹಿಡಿದ ಹಳೇ ರೆಕಾರ್ಡಿಂಗುಗಳು), ಆಮೇಲೆ ಇಂಟರ್ನೆಟ್ ಆರ್ಕೈವ್. ವಿಕಿಪೀಡಿಯಾದಿಂದ ಶುರು ಮಾಡಿ ಪರವಾಗಿಲ್ಲ, ಅಲ್ಲೇ ಮುಗಿಸ್ಬೇಡಿ.

ಹಂತ 1: ಒಂದೇ ಹಾಡು ತಗೊಳ್ಳಿ, ಅದನ್ನ ಎರಡು ಮಾಡಿ

"19ನೇ ಶತಮಾನದ ಐರಿಶ್ ಸಂಗೀತ" ಅಂತ ಹುಡುಕಕ್ಕೆ ಹೋದ್ರೆ ಮುಳುಗಿಹೋಗ್ತೀರಿ. ಒಂದು ಹಾಡು ಆರಿಸ್ಕೊಂಡು ನೋಟ್‌ಬುಕ್ಕಲ್ಲಿ ಎರಡು ಕಾಲಂ ಎಳೀರಿ, ಒಂದು ಸಾಹಿತ್ಯಕ್ಕೆ, ಇನ್ನೊಂದು ಧಾಟಿಗೆ. ಎರಡರ ವಯಸ್ಸೂ ಬೇರೆ ಇರತ್ತೆ, ಎಷ್ಟೋ ಸಲ ದೇಶವೂ ಬೇರೆ. ಜನ ಇಲ್ಲೇ ಎಡವೋದು.

ನಿಮಗೆಲ್ಲಾ ಬಾಯಿಪಾಠ ಇರೋ ಹಾಡೇ ನೋಡಿ, ಹ್ಯಾಪಿ ಬರ್ತ್‌ಡೇ. ಧಾಟಿ ಅಚ್ಚಾಗಿದ್ದು 1893ರಲ್ಲಿ, ಕೆಂಟಕಿಯ ಲೂಯಿವಿಲ್ ಊರಿನ ಮಿಲ್ಡ್ರೆಡ್ ಹಿಲ್ ಮತ್ತು ಪ್ಯಾಟಿ ಹಿಲ್ ಅನ್ನೋ ಅಕ್ಕ ತಂಗಿ ಕಿಂಡರ್‌ಗಾರ್ಟನ್ ಮಕ್ಕಳಿಗೆ ಅಂತ ಮಾಡಿದ್ದು, ಆಗ ಅದರ ಸಾಹಿತ್ಯ "ಗುಡ್ ಮಾರ್ನಿಂಗ್ ಟು ಆಲ್". ಹುಟ್ಟುಹಬ್ಬದ ಮಾತುಗಳು ಅಚ್ಚಲ್ಲಿ ಕಾಣಿಸ್ಕೊಂಡಿದ್ದು 20ನೇ ಶತಮಾನದಲ್ಲಿ. ಈ ಎರಡು ತಾರೀಕಿನ ಮಧ್ಯದ ಗೊಂದಲದಲ್ಲೇ ಒಂದು ಮ್ಯೂಸಿಕ್ ಕಂಪನಿ ದಶಕಗಟ್ಟಲೆ ರಾಯಲ್ಟಿ ವಸೂಲಿ ಮಾಡ್ತು, 2015ರಲ್ಲಿ ಅಮೆರಿಕದ ಕೋರ್ಟು ಆ ಹಕ್ಕು ಊರ್ಜಿತ ಅಲ್ಲ ಅಂತು. ಕಾಲಂ ಎರಡು ಮಾಡೋದು ಸುಮ್ನೆ ಶಿಸ್ತಿಗಲ್ಲ.

ಹಂತ 2: ಹಾಡಿನ ಒಳಗಡೆನೇ ತಾರೀಕು ಹುಡುಕಿ

ಹಾಡಲ್ಲಿ ಬರೋ ಊರು, ಯುದ್ಧ, ರೈಲು, ತೆರಿಗೆ, ದೊರೆ ಇವೆಲ್ಲಾ ಪಟ್ಟಿ ಮಾಡಿ. ಘಟನೆ ನಡೆಯೋಕ್ಕಿಂತ ಮುಂಚೆ ಅದರ ಬಗ್ಗೆ ಹಾಡು ಹುಟ್ಟಲ್ಲ, ಅದು "ಇದಕ್ಕಿಂತ ಹಿಂದಿನದ್ದಲ್ಲ" ಅನ್ನೋ ಗೆರೆ. ಅಚ್ಚಾದ ಅಥವಾ ಯಾರೋ ಬರ್ಕೊಂಡ ದಿನ ಸಿಕ್ಕಿದ್ರೆ "ಇದಕ್ಕಿಂತ ಈಚಿನದ್ದಲ್ಲ" ಅನ್ನೋ ಇನ್ನೊಂದು ಗೆರೆ. ಹಾಡು ಎರಡರ ಮಧ್ಯೆ ಎಲ್ಲೋ ಹುಟ್ಟಿರತ್ತೆ.

ಇದಕ್ಕೆ ನಮ್ಮದೇ ಒಳ್ಳೇ ಉದಾಹರಣೆ ಇದೆ. ಹಲಗಲಿ ಬೇಡರ ಲಾವಣಿ ಹತ್ತನೇ ಕ್ಲಾಸಲ್ಲಿ ಓದಿರೋರು ಇಲ್ಲಿ ತುಂಬಾ ಜನ ಇರ್ತೀರಿ. ದಂಗೆ ಆಗಿದ್ದು 1857ರಲ್ಲಿ, ಜೆ. ಎಫ್. ಫ್ಲೀಟ್ ಅನ್ನೋ ಬ್ರಿಟಿಷ್ ಅಧಿಕಾರಿ ಅದನ್ನ, ಜೊತೆಗೆ ಸಂಗೊಳ್ಳಿ ರಾಯಣ್ಣನ ಲಾವಣಿನೂ ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿ ಪತ್ರಿಕೆಯಲ್ಲಿ ಅಚ್ಚು ಹಾಕಿಸಿದ್ದು 1880ರ ದಶಕದಲ್ಲಿ. ಅಂದ್ರೆ ಹಲಗಲಿ ಲಾವಣಿಗೆ ಸಿಗೋ ಕಿಟಕಿ ಮೂವತ್ತು ವರ್ಷದ್ದು, ಜಾನಪದದಲ್ಲಿ ಇಷ್ಟು ಬಿಗಿಯಾದ ಲೆಕ್ಕ ಸಿಗೋದು ಅಪರೂಪ. ಮತ್ತೆ ಅದರ ಕೊನೆಯಲ್ಲಿ ಕುರ್ತಕೋಟಿ ಕಲ್ಮೇಶನ ಹೆಸರು ಬರತ್ತಲ್ಲ, ಕಟ್ಟಿದೋನು ತನ್ನೂರ ದೇವರ ಹೆಸರಲ್ಲಿ ಸುಳಿವು ಬಿಟ್ಟು ಹೋಗಿದಾನೆ. ಕೊನೇ ನುಡಿ ಯಾವತ್ತೂ ಬಿಡಬೇಡಿ.

ಬಿಟ್ಟೋರು ಏನ್ ಮಾಡ್ತಾರೆ ಅಂತ ನೋಡ್ಬೇಕಾ? ಚಾರ್ಲ್ಸ್ ಗೋವರ್ 1871ರಲ್ಲಿ ದಕ್ಷಿಣ ಭಾರತದ ಜಾನಪದ ಹಾಡುಗಳು ಅಂತ ಇಂಗ್ಲಿಷ್ ಪುಸ್ತಕ ತಂದ, ಅದರ ಕನ್ನಡದ ಭಾಗದಲ್ಲಿ ಇರೋದು ಹೆಚ್ಚಾಗಿ ದಾಸರ ಪದಗಳು! ಅಂಕಿತ ಕಣ್ಣೆದುರೇ ಇರೋ ಹಾಡು, ಅದೂ ಜರ್ಮನ್ ಪಾದ್ರಿ ಮೋಗ್ಲಿಂಗ್ 1850ರಲ್ಲೇ ಮಂಗಳೂರಲ್ಲಿ ದಾಸರ ಪದ ಅಂತಾನೇ ಅಚ್ಚು ಹಾಕಿದ್ದ. ಗೋವರ್ ಮಟ್ಟಿಗೆ ಜನ ಹಾಡೋದೆಲ್ಲಾ ಜಾನಪದ.

ಹಂತ 3: ಶೀಟ್ ಮ್ಯೂಸಿಕ್ ಹುಡುಕಿ, ಹಾಳೆ ಪೂರ್ತಿ ಓದಿ

ಶೀಟ್ ಮ್ಯೂಸಿಕ್ ಅಂದ್ರೆ ಸಾಹಿತ್ಯ, ಸ್ವರಲಿಪಿ ಎರಡೂ ಅಚ್ಚು ಹಾಕಿ ಬಿಡಿಯಾಗಿ ಮಾರ್ತಿದ್ದ ನಾಲ್ಕಾರು ಪುಟದ ಹಾಳೆ. ಆಗಿನ ಕಾಲಕ್ಕೆ ಅದೇ ಸಿಂಗಲ್, ಅದೇ ರಿಂಗ್‌ಟೋನು. ಮಧ್ಯಮ ವರ್ಗದ ಮನೆಗೆ ಪಿಯಾನೋ ಬಂದಿತ್ತು, ಹೆಣ್ಣುಮಕ್ಕಳು ಬಾರಿಸ್ತಿದ್ರು, ವ್ಯಾಪಾರ ಜೋರಾಗಿತ್ತು. ಚಾರ್ಲ್ಸ್ ಹ್ಯಾರಿಸ್‌ನ "ಆಫ್ಟರ್ ದ ಬಾಲ್" (1892) ಹಾಳೆಗಳು ಲಕ್ಷಗಟ್ಟಲೆ ಖರ್ಚಾದ್ವು.

ಲೆವಿ ಕಲೆಕ್ಷನ್ನಲ್ಲಿ ಹಾಡಿನ ಮೊದಲ ಸಾಲು ಹಾಕಿ ಹುಡುಕಿ, ಬರೀ ಹೆಸರು ಹಾಕ್ಬೇಡಿ. ಯಾಕಂದ್ರೆ ಹೆಸರು ಬದಲಾಗತ್ತೆ. "ಜಿಂಗಲ್ ಬೆಲ್ಸ್" 1857ರಲ್ಲಿ ಬಾಸ್ಟನ್ನಿನಲ್ಲಿ ಅಚ್ಚಾದಾಗ ಅದರ ಹೆಸರು "ಒನ್ ಹಾರ್ಸ್ ಓಪನ್ ಸ್ಲೇ", ಬರೆದೋನು ಜೇಮ್ಸ್ ಪಿಯರ್‌ಪಾಂಟ್, ಸಾಹಿತ್ಯದಲ್ಲಿ ಕ್ರಿಸ್‌ಮಸ್ ಅನ್ನೋ ಪದ ಒಂದ್ಸಲವೂ ಇಲ್ಲ.

ಹಾಳೆ ಸಿಕ್ಮೇಲೆ ಇಷ್ಟು ನೋಡಿ. ಮೊದಲ ಪುಟದ ಕೆಳಗಡೆ ಸಣ್ಣಕ್ಷರದಲ್ಲಿ ಅಮೆರಿಕದ ಕಾನೂನಿನ ಪ್ರಕಾರ ಯಾವ ವರ್ಷ ನೋಂದಣಿ ಆಯ್ತು ಅಂತ ಇರತ್ತೆ. ಪ್ರತಿ ಪುಟದ ತಳದಲ್ಲಿ ಒಂದು ನಂಬರ್ ಇದ್ರೆ ಅದು ಪ್ಲೇಟ್ ನಂಬರ್, ಅಂದ್ರೆ ಅಚ್ಚಿನ ಲೋಹದ ತಗಡಿಗೆ ಪ್ರಕಾಶಕರು ಕೊಟ್ಟ ಕ್ರಮಸಂಖ್ಯೆ. ತಾರೀಕಿಲ್ಲದ ಹಾಳೆಗೆ ಅದೇ ಪ್ರಕಾಶಕರ ಅಕ್ಕಪಕ್ಕದ ನಂಬರ್ ಹಿಡ್ಕೊಂಡು ವರ್ಷ ಅಂದಾಜು ಮಾಡ್ಬಹುದು. ಬ್ರಿಟನ್ನಿನ ಹಾಳೆಗಳಲ್ಲಿ ಬಹಳಷ್ಟು ಸಲ ತಾರೀಕೇ ಹಾಕ್ತಿರ್ಲಿಲ್ಲ, ಅದಕ್ಕೇ ಇದು ಬೇಕಾಗತ್ತೆ.

ಎಚ್ಚರಿಕೆ ಎರಡಿದೆ ಇಲ್ಲಿ. ಒಂದು, 1891ರವರೆಗೂ ಅಮೆರಿಕದಲ್ಲಿ ವಿದೇಶಿಯರ ಕೃತಿಗೆ ಕಾಪಿರೈಟ್ ರಕ್ಷಣೆ ಇರ್ಲಿಲ್ಲ, ಲಂಡನ್ ಹಾಡನ್ನ ನ್ಯೂಯಾರ್ಕ್ ಪ್ರಕಾಶಕರು ಆರಾಮಾಗಿ ಮರುಮುದ್ರಣ ಮಾಡ್ತಿದ್ರು, ಹಾಗಾಗಿ ಅಮೆರಿಕದ ಹಾಳೆ ಸಿಕ್ಕಿತು ಅಂದ್ರೆ ಹಾಡು ಅಮೆರಿಕದ್ದು ಅಂತಲ್ಲ.

ಎರಡನೇದು ಇನ್ನೂ ಮುಖ್ಯ: ಕವರ್ ಮೇಲಿನ ಹೆಸರನ್ನ ನಂಬಬೇಡಿ. "ಓಲ್ಡ್ ಫೋಕ್ಸ್ ಅಟ್ ಹೋಮ್" 1851ರಲ್ಲಿ ಬಂದಾಗ ಹಾಡು ಬರೆದೋನು ಇ. ಪಿ. ಕ್ರಿಸ್ಟಿ ಅಂತ ಅಚ್ಚಾಗಿತ್ತು. ಕ್ರಿಸ್ಟಿ ಒಂದು ಮಿನ್‌ಸ್ಟ್ರೆಲ್ ತಂಡದ (ಅದೇನು ಅಂತ ಮುಂದೆ ಹೇಳ್ತೀನಿ) ಯಜಮಾನ, ನಿಜಕ್ಕೂ ಬರೆದಿದ್ದು ಸ್ಟೀಫನ್ ಫಾಸ್ಟರ್, ಮೊದಲು ತಾನೇ ಒಪ್ಕೊಂಡು ಹೆಸರು ಬಿಟ್ಟುಕೊಟ್ಟಿದ್ದ, 1852ರಲ್ಲಿ ಕಾಗದ ಬರ್ದು ನನ್ನ ಹೆಸರು ವಾಪಸ್ ಹಾಕಿ ಅಂತ ಕೇಳಿದ್ರೂ ಕ್ರಿಸ್ಟಿ ಒಪ್ಪಲಿಲ್ಲ. ಫಾಸ್ಟರ್‌ನ "ಓ ಸುಸಾನಾ" (1848) ಅಮೆರಿಕದ ಉದ್ದಗಲಕ್ಕೂ ಹಾಡಿದ್ರು, ಎಷ್ಟೋ ಪ್ರಕಾಶಕರು ಕೇಳ್ದೇನೇ ಅಚ್ಚು ಹಾಕ್ಕೊಂಡ್ರು. ಫಾಸ್ಟರ್ 1864ರಲ್ಲಿ ನ್ಯೂಯಾರ್ಕಿನ ಆಸ್ಪತ್ರೇಲಿ ಸತ್ತಾಗ ಪರ್ಸಲ್ಲಿದ್ದಿದ್ದು 38 ಸೆಂಟ್. ವಯಸ್ಸು 37.

ಇನ್ನೊಂದು ವಿಷ್ಯ ಮುಂಚೇನೇ ಹೇಳ್ಬೇಕು, ಮಕ್ಕಳಿಗೆ ಹಾಡು ಹುಡುಕೋ ಟೀಚರ್‌ಗಳು ಗಮನಿಸಿ. ಮಿನ್‌ಸ್ಟ್ರೆಲ್ ಶೋ ಅಂದ್ರೆ ಬಿಳಿಯರು ಮುಖಕ್ಕೆ ಮಸಿ ಬಳ್ಕೊಂಡು ಕರಿಯರನ್ನ ಅಣಕ ಮಾಡ್ತಿದ್ದ ಪ್ರದರ್ಶನ, 1840ರ ದಶಕದಿಂದ ಅಮೆರಿಕದ ಅತಿ ಜನಪ್ರಿಯ ಮನರಂಜನೆ ಅದು. ಆ ಹಾಳೆಗಳ ಚಿತ್ರ, ಭಾಷೆ ಎರಡೂ ಹೊಟ್ಟೆ ತೊಳಸೋ ಹಾಗಿರತ್ತೆ, "ಓ ಸುಸಾನಾ"ದ ಮೂಲ ಸಾಹಿತ್ಯದಲ್ಲೂ ಮಕ್ಕಳ ಮುಂದೆ ಓದಕ್ಕಾಗದ ನುಡಿ ಇದೆ. ಈಗ ನಾವು ಕೇಳೋದು ತೊಳೆದು ಒಣಗಿಸಿದ ಪ್ರತಿ. ಬ್ಯಾಂಜೋ ಕೂಡ ಆಫ್ರಿಕಾ ಮೂಲದ ಗುಲಾಮರ ವಾದ್ಯ, ಅದನ್ನ ಬಿಳಿಯರ ಸ್ಟೇಜಿಗೆ ಹತ್ತಿಸಿದ್ದು ಇದೇ ಶೋಗಳು.

ಹಂತ 4: ಸ್ವರಲಿಪಿ ಇಲ್ಲದ ಹಾಳೆಗಳು

ಪಿಯಾನೋ ಇಲ್ಲದ ಬಡವರು ಏನ್ ಕೊಳ್ತಿದ್ರು? ಬ್ರಾಡ್‌ಸೈಡ್. ಒಂದೇ ಬದಿಗೆ ಅಚ್ಚಾದ ಅಗ್ಗದ ಹಾಳೆ, ಬರೀ ಸಾಹಿತ್ಯ, ಬೀದಿಯಲ್ಲಿ ಹಾಡ್ತಾ ಮಾರ್ತಿದ್ರು, ಬೆಲೆ ಒಂದು ಪೆನ್ನಿ ಅಥವಾ ಅರ್ಧ. ನಮ್ಮ ಜಾತ್ರೇಲಿ ಮಾರೋ ಪದಗಳ ಪುಸ್ತಕ ನೋಡಿರೋರಿಗೆ ಇದು ತಕ್ಷಣ ಅರ್ಥ ಆಗತ್ತೆ. ಲಂಡನ್ನಿನ ಸೆವೆನ್ ಡಯಲ್ಸ್ ಏರಿಯಾದಲ್ಲಿ ಜೇಮ್ಸ್ ಕ್ಯಾಟ್ನಾಕ್, ಜಾನ್ ಪಿಟ್ಸ್ ಅನ್ನೋ ಇಬ್ಬರು ಮುದ್ರಕರ ಪೈಪೋಟಿ ಹೆಸರುವಾಸಿ. ಧಾಟಿ ಬೇಕಾದ್ರೆ "ಇಂಥ ಹಾಡಿನ ಮಟ್ಟು" ಅಂತ ಮೇಲೆ ಒಂದು ಸಾಲು, ಅದೂ ಎಲ್ಲದ್ರಲ್ಲೂ ಇರಲ್ಲ.

ಇಲ್ಲಿ ಕೀಲಿಕೈ ರೌಡ್ ನಂಬರ್. ಸ್ಟೀವ್ ರೌಡ್ ಅನ್ನೋ ಲೈಬ್ರರಿಯನ್ ಇಂಗ್ಲಿಷಲ್ಲಿ ಬಾಯಿಂದ ಬಾಯಿಗೆ ಬಂದ ಸುಮಾರು 25,000 ಹಾಡಿಗೆ ಒಂದೊಂದು ನಂಬರ್ ಕೊಟ್ಟಿದಾರೆ, ಹೆಸರು ಎಷ್ಟೇ ಬದಲಾದ್ರೂ ನಂಬರ್ ಅದೇ. ಚೈಲ್ಡ್ ನಂಬರ್ ಅಂತ ಇನ್ನೊಂದಿದೆ, ಅದು ಹಾರ್ವರ್ಡಿನ ಫ್ರಾನ್ಸಿಸ್ ಚೈಲ್ಡ್ 1882ರಿಂದ 1898ರವರೆಗೆ ಪ್ರಕಟಿಸಿದ 305 ಬ್ಯಾಲೆಡ್, ಅಂದ್ರೆ ಕಥನಗೀತೆಗಳ ಕ್ರಮಸಂಖ್ಯೆ. "ಬಾರ್ಬರಾ ಆಲನ್" ತಗೊಂಡ್ರೆ ರೌಡ್ 54, ಚೈಲ್ಡ್ 84. ವಾನ್ ವಿಲಿಯಮ್ಸ್ ಲೈಬ್ರರಿ ಸೈಟಲ್ಲಿ 54 ಅಂತ ಹಾಕಿ ನೋಡಿ, ಇಂಗ್ಲೆಂಡು, ಸ್ಕಾಟ್ಲೆಂಡು, ಅಮೆರಿಕ ಎಲ್ಲಾ ಕಡೆಯ ಪಾಠಗಳು, ಅಂದ್ರೆ ಅದೇ ಹಾಡಿನ ಬೇರೆ ಬೇರೆ ರೂಪಗಳು, ಸಾಲಾಗಿ ನಿಲ್ಲತ್ವೆ. ಬಂದಿದ್ದನ್ನ ತಾರೀಕಿನ ಪ್ರಕಾರ ಜೋಡಿಸಿ, ಅತಿ ಹಳೇದು ಬ್ರಾಡ್‌ಸೈಡಾ ಅಥವಾ ಹಾಡುಗಾರರ ಬಾಯಿಂದ ಬರ್ಕೊಂಡಿದ್ದಾ ನೋಡಿ.

ಚೈಲ್ಡ್ ಪುಸ್ತಕ ನಂಬಿ ಕೂರೋರಿಗೆ: ಆತ ಗ್ರಂಥಾಲಯದ ಹಸ್ತಪ್ರತಿ ಹುಡುಕಿದ ಪಂಡಿತ, ಅವನಿಗೆ ಬೇಕಾಗಿದ್ದು ಪಠ್ಯ, ಧಾಟಿಗಳು ಅಲ್ಲಿ ತೀರಾ ಕಮ್ಮಿ. ಬೀದಿ ಹಾಡುಗಳನ್ನ ಕಸ ಅಂತ ಹೆಚ್ಚಾಗಿ ಬದಿಗಿಟ್ಟ. ಹಾಗಾಗಿ ಚೈಲ್ಡ್ ನಂಬರ್ ಇಲ್ಲ ಅಂದ ಮಾತ್ರಕ್ಕೆ ಜಾನಪದ ಅಲ್ಲ ಅಂತಾಗಲ್ಲ.

ಹಂತ 5: ಬರ್ಕೊಂಡೋರು ಯಾರು ಅಂತ ಕೇಳಿ

ಹಾಡು ಸಂಗ್ರಹದ ಪುಸ್ತಕದಲ್ಲಿ ಸಿಕ್ರೆ ಸಂಗ್ರಾಹಕರ ಬಗ್ಗೆ ಓದಿ. ಯಾರಿಂದ ಕೇಳಿದ್ರು, ಎಲ್ಲಿ, ಎಷ್ಟು ತಿದ್ದಿದ್ರು. 1867ರಲ್ಲಿ ಅಲೆನ್, ವೇರ್, ಗ್ಯಾರಿಸನ್ ಮೂವರು ಸೇರಿ ಅಮೆರಿಕದ ಗುಲಾಮರ 136 ಹಾಡು ಪ್ರಕಟಿಸಿದ್ರು, "ಮೈಕಲ್ ರೋ ದ ಬೋಟ್" ಅಲ್ಲೇ ಬರೋದು. ಈ ಹಾಡಿನ ನಿಜವಾದ ದನಿಯನ್ನ ಸ್ವರಲಿಪಿ ಹಿಡಿಯಕ್ಕಾಗಲ್ಲ ಅಂತ ಅವರೇ ಪೀಠಿಕೆಯಲ್ಲಿ ಒಪ್ಕೊಂಡಿದಾರೆ, ಅಂಥ ಸಂಗ್ರಾಹಕರನ್ನ ನಾನು ಹೆಚ್ಚು ನಂಬ್ತೀನಿ. ನಾಲ್ಕೇ ವರ್ಷದಲ್ಲಿ, 1871ರಲ್ಲಿ, ನ್ಯಾಶ್‌ವಿಲ್ಲಿನ ಫಿಸ್ಕ್ ಜುಬಿಲಿ ಸಿಂಗರ್ಸ್ ತಮ್ಮ ಕಾಲೇಜಿಗೆ ದುಡ್ಡು ಎತ್ತಕ್ಕೆ ಇದೇ ಥರದ ಹಾಡು ಹಿಡ್ಕೊಂಡು ಟೂರ್ ಹೊರಟ್ರು, ಆದ್ರೆ ಕನ್ಸರ್ಟ್ ಹಾಲಿಗೆ ತಕ್ಕಂಗೆ ನಯ ಮಾಡಿ ಹಾಡಿದ್ರು. ಒಂದೇ ಹಾಡಿನ ಎರಡು ಪಾಠ ಸಿಕ್ರೆ ಯಾವುದು ಹೊಲದ್ದು, ಯಾವುದು ಸ್ಟೇಜಿಂದು ಅಂತ ಬರ್ದಿಟ್ಕೊಳ್ಳಿ.

ಹಂಗೇರಿ ಹಾಡು ಹುಡುಕೋರು ಸ್ವಲ್ಪ ಹುಷಾರು. 19ನೇ ಶತಮಾನದಲ್ಲಿ ಹಂಗೇರಿಯ ಜಾನಪದ ಅಂತ ಯುರೋಪೆಲ್ಲಾ ಕುಣಿದಿದ್ದು ಪಟ್ಟಣದ ಹೊಸ ಹಾಡುಗಳಿಗೆ, ಅವನ್ನ ರೋಮಾ ಜನರ ಬ್ಯಾಂಡುಗಳು ಹೋಟೆಲ್‌ಗಳಲ್ಲಿ ನುಡಿಸ್ತಿದ್ವು. ಹಳ್ಳಿ ರೈತರ ಹಾಡು ಬೇರೇನೇ ಇದೆ ಅಂತ ಗೊತ್ತಾಗಿದ್ದು ಬಾರ್ಟಾಕ್, ಕೊದಾಯ್ ಅನ್ನೋ ಹಂಗೇರಿಯ ಸಂಗೀತಗಾರರಿಬ್ಬರೂ 1905-06ರಿಂದ ಹಳ್ಳಿ ಸುತ್ತಿ, ಫೋನೋಗ್ರಾಫ್, ಅಂದ್ರೆ ದನಿ ಹಿಡಿಯೋ ಯಂತ್ರ, ಹಿಡ್ಕೊಂಡು ಹೋದ್ಮೇಲೆ.

ಹಂತ 6: ವಾದ್ಯ, ಕುಣಿತ ನೋಡಿ

ಇದು ಬೇಗ ಮುಗಿಯೋ ಕೆಲಸ. ಅಕಾರ್ಡಿಯನ್‌ಗೆ ವಿಯೆನ್ನಾದಲ್ಲಿ ಪೇಟೆಂಟ್ ಆಗಿದ್ದು 1829. ಹಾರ್ಮೋನಿಯಂಗೆ ಪ್ಯಾರಿಸಲ್ಲಿ 1842, ಅದನ್ನ ಕೈಯಲ್ಲಿ ಒತ್ತೋ ಪೆಟ್ಟಿಗೆ ಮಾಡಿದ್ದು ಕಲ್ಕತ್ತದ ದ್ವಾರಕಾನಾಥ ಘೋಷ್, 1875ರಲ್ಲಿ. ನಮ್ಮ ಕಂಪನಿ ನಾಟಕದೋರು ಮಾತ್ರ ಲೆಗ್ ಹಾರ್ಮೋನಿಯಂ ಬಿಡಲಿಲ್ಲ. "ಸಾವಿರ ವರ್ಷದ ಪರಂಪರೆ" ಅನ್ನೋ ಹಾಡಿಗೆ ಅಕಾರ್ಡಿಯನ್ನೇ ಜೀವಾಳ ಆಗಿದ್ರೆ ಒಂದು ಪ್ರಶ್ನೆ ಕೇಳಿ.

ಪೋಲ್ಕಾ ಬೊಹಿಮಿಯಾದಲ್ಲಿ 1830ರ ದಶಕದಲ್ಲಿ ಹುಟ್ಟಿ, 1844ರಲ್ಲಿ ಪ್ಯಾರಿಸಿಗೆ ಹುಚ್ಚು ಹಿಡಿಸಿ, ಅಲ್ಲಿಂದ ರಿಯೋ ಡಿ ಜನೈರೋಗೂ ಹೋಯ್ತು, ಅಲ್ಲಿನ ವಾದಕರು ತಮ್ಮ ಲಯದಲ್ಲಿ ನುಡಿಸ್ತಾ ನುಡಿಸ್ತಾ 1870ರ ಹೊತ್ತಿಗೆ ಅದು ಶೋರೋ ಅನ್ನೋ ಬೇರೇನೇ ಸಂಗೀತ ಆಯ್ತು. ಕ್ಯೂಬಾದ ದಾನ್ಸೋನ್‌ಗೆ ಹುಟ್ಟಿದ ದಿನವನ್ನೇ ಹೇಳ್ತಾರೆ, 1879ರ ಜನವರಿ 1, ಮತಾನ್ಸಾಸ್ ಊರು, ಮಿಗೆಲ್ ಫಾಯ್ಲ್ದೆ ತಂಡ. ಇಂಥ "ಮೊದಲನೇದು" ಅನ್ನೋ ತಾರೀಕು ಮೊದಲ ಬಹಿರಂಗ ಪ್ರದರ್ಶನದ್ದು, ಜನ ಅದಕ್ಕೆ ಮುಂಚೇನೂ ಕುಣೀತಿದ್ರು.

ಹಂತ 7: ರೆಕಾರ್ಡಿಂಗ್ ಕೊನೆಗೆ ಕೇಳಿ

ಎಲ್ಲರೂ ಇಲ್ಲಿಂದಾನೇ ಶುರು ಮಾಡ್ತಾರೆ. "1850ರ ಅಸಲಿ ರೆಕಾರ್ಡಿಂಗ್" ಅನ್ನೋ ವಿಡಿಯೋ ಬಂದ್ರೆ ಮುಂದಕ್ಕೆ ಹೋಗಿ, ಅದು ಸುಳ್ಳು. ನಮಗೆ ಕೇಳೋ ಹಾಗೆ ಉಳಿದಿರೋ ಅತಿ ಹಳೇ ಹಾಡಿನ ದನಿ 1860ರ ಏಪ್ರಿಲ್‌ದು, ಸ್ಕಾಟ್ ದ ಮಾರ್ಟಿನ್‌ವಿಲ್ ಮಸಿ ಹಿಡಿದ ಕಾಗದದ ಮೇಲೆ ಗೀರಿಸಿದ "ಓ ಕ್ಲೇರ್ ದ ಲಾ ಲ್ಯೂನ್" ತುಣುಕು, ಕೆಲವೇ ಸೆಕೆಂಡು, ಅದನ್ನ ದನಿ ಮಾಡಿ ಕೇಳಿಸಿದ್ದೇ 2008ರಲ್ಲಿ. ಎಡಿಸನ್‌ನ ಫೋನೋಗ್ರಾಫ್ 1877, ಸಂಶೋಧನೆಗೆ ಅಂತ ಜನರ ಹಾಡು ರೆಕಾರ್ಡ್ ಮಾಡಿದ್ದು 1890ರಲ್ಲಿ, ಜೆ. ವಾಲ್ಟರ್ ಫ್ಯೂಕ್ಸ್ ಮೇನ್ ರಾಜ್ಯದ ಪಸಾಮಕ್ವಾಡಿ ಮೂಲನಿವಾಸಿಗಳ ಹತ್ರ. ಭಾರತದಲ್ಲಿ ಗ್ರಾಮೋಫೋನ್ ಕಂಪನಿ ಕಲ್ಕತ್ತಕ್ಕೆ ಬಂದು ಗೌಹರ್ ಜಾನ್ ದನಿ ಹಿಡಿದಿದ್ದು 1902ರಲ್ಲಿ.

ಮೇಣದ ಸಿಲಿಂಡರ್ ಕೇಳುವಾಗ ನೆನಪಿಡಿ, ಅದರಲ್ಲಿ ಹಿಡೀತಿದ್ದಿದ್ದು ಎರಡು ಎರಡೂವರೆ ನಿಮಿಷ. ಹತ್ತು ನುಡಿಯ ಹಾಡು ಮೂರು ನುಡಿಗೆ ಇಳಿದಿರತ್ತೆ, ಮೂಲದಲ್ಲೇ ಅಷ್ಟಿತ್ತು ಅನ್ಕೋಬೇಡಿ. ವೇಗ ತಪ್ಪಿದ್ರೆ ಶ್ರುತಿನೂ ತಪ್ಪತ್ತೆ, ಆಧಾರ ಷಡ್ಜ ಇಷ್ಟೇ ಇತ್ತು ಅಂತ ಅದರ ಮೇಲೆ ತೀರ್ಮಾನ ಮಾಡ್ಬೇಡಿ.

ಹಂತ 8: ತೀರ್ಪು ಬರೀರಿ, ಆಮೇಲೆ ಅಪ್‌ಲೋಡ್ ಮಾಡಿ

"ಜಾನಪದ" ಅಥವಾ "ಅಲ್ಲ" ಅಂತ ಒಂದೇ ಪದದಲ್ಲಿ ಮುಗಿಸ್ಬೇಡಿ. ಧಾಟಿ: ಯಾರು, ಎಲ್ಲಿ, ಸಿಕ್ಕ ಅತಿ ಹಳೇ ಪ್ರತಿ ಯಾವ ವರ್ಷದ್ದು. ಸಾಹಿತ್ಯ: ಅದೇ ರೀತಿ. ಆಮೇಲೆ ಜನರ ಬಾಯಿಗೆ ಬಂದ ಸಾಕ್ಷಿ ಏನು. "ಹೋಮ್ ಆನ್ ದ ರೇಂಜ್" ನೋಡಿ, ಕ್ಯಾನ್ಸಸ್‌ನ ಬ್ರೂಸ್ಟರ್ ಹಿಗ್ಲಿ ಅನ್ನೋ ಡಾಕ್ಟರು 1870ರ ದಶಕದಲ್ಲಿ ಬರೆದ ಪದ್ಯ, ಧಾಟಿ ಡೇನಿಯಲ್ ಕೆಲಿದು. ಕೌಬಾಯ್‌ಗಳ ಬಾಯಿಗೆ ಬಿದ್ದು ಹೆಸರು ಕಳ್ಕೊಂಡು 1910ರಲ್ಲಿ ಜಾನ್ ಲೋಮ್ಯಾಕ್ಸ್ ಸಂಗ್ರಹ ಸೇರ್ತು, 1930ರ ದಶಕದಲ್ಲಿ ಯಾರೋ ನಮ್ಮದು ಅಂತ ಕೇಸ್ ಹಾಕ್ದಾಗ ಒಬ್ಬ ವಕೀಲ ಊರೂರು ತಿರುಗಿ ಮೂಲ ಹಿಡಿದ. ಅದು ಕೂತು ಬರೆದ ಹಾಡೂ ಹೌದು, ಜಾನಪದವೂ ಹೌದು, ಎರಡನ್ನೂ ಬರೀರಿ.

ಅಪ್‌ಲೋಡ್ ಮಾಡೋರಿಗೆ ಕೊನೇ ವಿಷ್ಯ. 19ನೇ ಶತಮಾನದ ಹಾಡು ಸಾಮಾನ್ಯವಾಗಿ ಪಬ್ಲಿಕ್ ಡೊಮೈನ್, ಅಂದ್ರೆ ಯಾರ ಅನುಮತಿನೂ ಬೇಡ. ಆದ್ರೆ ಅದರ ರೆಕಾರ್ಡಿಂಗ್‌ಗೆ, ಹೊಸ ಅರೇಂಜ್‌ಮೆಂಟಿಗೆ ಬೇರೆ ಹಕ್ಕಿರತ್ತೆ. ಭಾರತದಲ್ಲಿ ಧ್ವನಿಮುದ್ರಣಕ್ಕೆ ಪ್ರಕಟವಾದ ಮೇಲೆ 60 ವರ್ಷ. ಅಮೆರಿಕದಲ್ಲಿ 1923ಕ್ಕಿಂತ ಹಿಂದಿನ ರೆಕಾರ್ಡಿಂಗ್‌ಗಳೆಲ್ಲಾ 2022ರ ಜನವರಿ 1ಕ್ಕೆ ಮುಕ್ತ ಆಗಿವೆ. ಹಾಗಾಗಿ ಯಾರದ್ದೋ ಹೊಸ ಆಲ್ಬಮ್ಮಿಂದ ಟ್ರ್ಯಾಕ್ ಎತ್ಕೊಂಡು "ಹಳೇ ಜಾನಪದ, ಫ್ರೀ" ಅಂತ ಹಾಕ್ಬೇಡಿ, ಯೂಟ್ಯೂಬಿಂದ ಕಾಪಿರೈಟ್ ಸ್ಟ್ರೈಕ್ ಬರತ್ತೆ. ಹಳೇ ಹಾಳೆ ಡೌನ್‌ಲೋಡ್ ಮಾಡಿ, ಅದನ್ನ ನೋಡ್ಕೊಂಡು ನೀವೇ ನುಡ್ಸಿ, ಯಾವ ಲೈಬ್ರರಿಯ ಯಾವ ಹಾಳೆ ಅಂತ ಕೆಳಗೆ ಬರೀರಿ.